ಓದುಗರ ಪ್ರಶ್ನೆ, ನಮ್ಮ ಉತ್ತರ: ಮಹಾನಗರದ ಕಾಲೇಜು ಮಕ್ಕಳಿಗೇಕೆ ಇಷ್ಟ, ಹೆತ್ತವರಿಗೇಕೆ ಇಷ್ಟ?

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದ ಮೇಲಿನ ಒಂದೆರಡು ತಿಂಗಳು ಮುಂಬಯಿ, ಪುಣೆಗಳ ಕನ್ನಡ ಓದುಗರಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮಂಡಿನೋವು, ಸೊಸೈಟಿಯ ತಕರಾರು, ಊರಿನ ಆಸ್ತಿಯ ಪಾಲು ಎಲ್ಲವೂ ಹಿಂದೆ ಸರಿದು ಕಾಲೇಜಿನ ಮಾತೊಂದೇ ಉಳಿಯುತ್ತದೆ. ಈ ಸಲ ಬಂದವುಗಳಲ್ಲಿ ಐದನ್ನು ಎತ್ತಿಕೊಂಡಿದ್ದೇನೆ. ಬರೆದವರು ಕೇಳಿಕೊಂಡಂತೆ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮ ಮನೆ ಡೊಂಬಿವಲಿಯಲ್ಲಿದೆ. ಮಗಳು ವಾಣಿಜ್ಯ ವಿಭಾಗದಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಪದವಿ ಕಾಲೇಜು ಇದೆ, ಅದೂ ಮುಂಬಯಿ ವಿಶ್ವವಿದ್ಯಾಲಯದ್ದೇ. ಆದರೂ ಅವಳಿಗೆ ದಕ್ಷಿಣ ಮುಂಬಯಿಯ ಫೋರ್ಟ್ ಕಡೆಯ ಕಾಲೇಜೇ ಬೇಕಂತೆ. ಅವಳ ಅಪ್ಪನೂ ‘ಹೋಗಲಿ ಬಿಡು, ಹೆಸರಿರುವ ಕಾಲೇಜು’ ಎನ್ನುತ್ತಾರೆ. ದಿನಕ್ಕೆ ಮೂರು ಗಂಟೆ ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಳ್ಳುವುದರಲ್ಲಿ ಇವರಿಬ್ಬರಿಗೂ ಏನು ಸುಖ ಕಂಡಿದೆಯೋ ನನಗೆ ತಿಳಿಯದು.
ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಪ್ರಮಾಣಪತ್ರದ ಮಟ್ಟಿಗೆ ನೀವು ಹೇಳುವುದು ಸರಿಯೇ ಇದೆ. ಮುಂಬಯಿ ನಗರ, ಉಪನಗರ, ಠಾಣೆ, ಪಾಲ್ಘರ್, ರಾಯಗಡ, ರತ್ನಾಗಿರಿ, ಸಿಂಧುದುರ್ಗ ಈ ಏಳು ಜಿಲ್ಲೆಗಳ ಸಂಯೋಜಿತ ಕಾಲೇಜುಗಳೆಲ್ಲ ಒಂದೇ ವಿಶ್ವವಿದ್ಯಾಲಯದ ಅಡಿಯಲ್ಲಿ ಬರುವುದರಿಂದ, ಸಾವಂತವಾಡಿಯಲ್ಲಿ ಓದಿದ ಹುಡುಗನ ಪದವಿಯ ಮೇಲೂ ಫೋರ್ಟಿನಲ್ಲಿ ಓದಿದ ಹುಡುಗಿಯ ಪದವಿಯ ಮೇಲೂ ಅದೇ ಮುದ್ರೆ ಬೀಳುತ್ತದೆ. ಇನ್ನೊಂದು ಸಂಗತಿ ನಿಮ್ಮ ಯಜಮಾನರಿಗೂ ಗೊತ್ತಿರಲಿಕ್ಕಿಲ್ಲ. ಅವರ ಕಾಲದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಹೆಮ್ಮೆಯಾಗಿದ್ದ ಎಲ್ಫಿನ್‌ಸ್ಟನ್ ಮತ್ತು ಸಿಡೆನ್‌ಹ್ಯಾಮ್ ಕಾಲೇಜುಗಳು ಈಗ ಹೋಮಿ ಭಾಭಾ ಹೆಸರಿನ ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರಿವೆ, ಚರ್ಚ್‌ಗೇಟಿನ ಎಚ್.ಆರ್. ಮತ್ತು ಕೆ.ಸಿ. ಕಾಲೇಜುಗಳು ಎಚ್‌ಎಸ್‌ಎನ್‌ಸಿ ವಿಶ್ವವಿದ್ಯಾಲಯದ ಪಾಲಾಗಿವೆ. ಆದ್ದರಿಂದ ಹೆಸರಿನ ಮೋಹವೇ ಕಾರಣವಾಗಿದ್ದರೆ, ಹಣ ಕಟ್ಟುವ ಮೊದಲು ಕೊನೆಗೆ ಕೈಗೆ ಬರುವ ಪದವಿಯ ಮೇಲೆ ಯಾವ ಹೆಸರು ಇರುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಆದರೆ ನಿಮ್ಮ ಮಗಳ ಆಸೆ ಮುದ್ರೆಯ ಮೇಲಿಲ್ಲ ಎಂದು ನನಗೆ ಅನ್ನಿಸುತ್ತದೆ. ವಾಣಿಜ್ಯ ಓದುವ ಹುಡುಗಿಗೆ ಫೋರ್ಟ್ ಎಂದರೆ ಏನು ಎಂಬುದನ್ನು ಒಮ್ಮೆ ಯೋಚಿಸಿ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇಳಿದು ಕಾಲು ಗಂಟೆ ನಡೆದರೆ ರಿಸರ್ವ್ ಬ್ಯಾಂಕು, ದಲಾಲ್ ಬೀದಿಯ ಷೇರುಪೇಟೆ, ಹಲವು ಬ್ಯಾಂಕು ಮತ್ತು ವಿಮಾ ಕಂಪನಿಗಳ ದೊಡ್ಡ ಕಚೇರಿಗಳು, ಹೈಕೋರ್ಟು ಎಲ್ಲವೂ ಸಿಗುತ್ತವೆ. ಪುಸ್ತಕದಲ್ಲಿ ಪಾಠವಾಗಿ ಬರುವ ಸಂಸ್ಥೆಗಳ ಮುಂದಿನಿಂದಲೇ ಅವಳು ದಿನವೂ ಹಾದು ಹೋಗುತ್ತಾಳೆ. ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ತರಗತಿ ಮುಗಿದ ಮೇಲೆ ಯಾವುದೋ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಮಧ್ಯಾಹ್ನ ಮೂರು ಗಂಟೆ ಕೂರುವ ಅವಕಾಶವೂ ಅಲ್ಲೇ ಹುಟ್ಟುತ್ತದೆ. ಡೊಂಬಿವಲಿಯಲ್ಲಿ ಲೆಕ್ಕಪರಿಶೋಧಕರು ಇಲ್ಲವೆಂದಲ್ಲ, ಸಾಕಷ್ಟಿದ್ದಾರೆ. ಆದರೆ ಫೋರ್ಟಿನ ಒಂದು ಹಳೆಯ ಕಟ್ಟಡದ ಮೆಟ್ಟಿಲ ಬುಡದಲ್ಲಿ ತೂಗುಹಾಕಿರುವ ನಾಮಫಲಕಗಳನ್ನು ನೋಡಿದರೆ, ಅಷ್ಟು ಬಗೆಯ ಉದ್ಯೋಗಗಳು ಜಗತ್ತಿನಲ್ಲಿವೆ ಎಂಬ ತಿಳಿವಳಿಕೆಯೇ ಹದಿನೆಂಟರ ವಯಸ್ಸಿನಲ್ಲಿ ಒಂದು ಪಾಠವಾಗುತ್ತದೆ.

ಓದುವ ಮನಸ್ಸಿದ್ದರೆ ಪುಸ್ತಕಕ್ಕೂ ಕೊರತೆಯಿಲ್ಲ. 1857ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಹಳೆಯ ಆವರಣ ಅಲ್ಲಿಯೇ ಇದೆ. 1878ರಲ್ಲಿ ಕಟ್ಟಿ ಮುಗಿದ ರಾಜಾಬಾಯಿ ಗೋಪುರದ ಕೆಳಗೆ ಅದರ ಗ್ರಂಥಾಲಯವಿದೆ. ಪ್ರೇಮಚಂದ್ ರಾಯಚಂದ್ ಎಂಬ ಹತ್ತಿ ವ್ಯಾಪಾರಿ ತನ್ನ ತಾಯಿಯ ಹೆಸರಿಡಬೇಕೆಂಬ ಷರತ್ತಿನ ಮೇಲೆ ಕೊಟ್ಟ ಹಣದಿಂದ ಎದ್ದ ಗೋಪುರ ಅದು. ತಾಯಂದಿರ ಪರವಾಗಿ ಇಷ್ಟಾದರೂ ಅಲ್ಲಿ ಒಂದು ಸಾಕ್ಷಿ ಇದೆ ಎಂದು ನೀವು ಸಮಾಧಾನ ಪಡಬಹುದು.

ಇನ್ನು ರೈಲಿನ ಮಾತು. ಅದು ಕಷ್ಟವೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಳೆದ ತಿಂಗಳು ಕಲ್ಯಾಣದಿಂದ ಬರುವಾಗ ಕಂಡದ್ದನ್ನು ನನ್ನ ಮನೆಯಾಕೆ ಹೇಳಿದಳು. ಮಹಿಳೆಯರ ಡಬ್ಬಿಯಲ್ಲಿ ಒಬ್ಬ ಹುಡುಗಿ ಕಾಲೇಜಿನ ಕಡತವನ್ನು ಎದೆಗವಚಿಕೊಂಡು, ಕೂತವರನ್ನು ಒಬ್ಬೊಬ್ಬರನ್ನಾಗಿ ‘ನೀವು ಎಲ್ಲಿ ಇಳಿಯುತ್ತೀರಿ’ ಎಂದು ಕೇಳುತ್ತ ಬಂದಳಂತೆ. ಒಬ್ಬರು ದಾದರ್ ಎಂದರು, ಇನ್ನೊಬ್ಬರು ಕೇಳಿಸದವರಂತೆ ಕಿಟಕಿಯ ಕಡೆ ತಿರುಗಿದರು, ಮೂರನೆಯವರು ಘಾಟ್ಕೋಪರ್ ಎಂದರು. ಹುಡುಗಿ ಆ ಸೀಟಿನ ಮುಂದೆ ನಿಂತಳು. ಠಾಣೆಯಲ್ಲಿ ಹತ್ತಿದ ಇನ್ನೊಬ್ಬಾಕೆ ಅದೇ ಸೀಟಿಗೆ ಕಣ್ಣು ಹಾಕಿದಾಗ, ಕೂತಿದ್ದವರೇ ‘ಇದು ಇವಳಿಗೆ ಹೇಳಿ ಆಗಿದೆ’ ಎಂದು ತೀರ್ಪು ಕೊಟ್ಟರು. ಚೀಟಿಯಿಲ್ಲ, ಸಹಿಯಿಲ್ಲ, ಬಾಯಿಮಾತಿನ ಕರಾರು. ಘಾಟ್ಕೋಪರ್ ಬಂದಾಗ ಹುಡುಗಿ ಕೂತು ಕಡತ ಬಿಚ್ಚಿ ಓದತೊಡಗಿದಳು. ಅಪರಿಚಿತರೊಡನೆ ಸಂಕೋಚವಿಲ್ಲದೆ ಕೇಳಿ ತನ್ನ ಜಾಗ ಪಡೆಯುವ ಈ ಕಲೆ ಮನೆ ಪಕ್ಕದ ಕಾಲೇಜಿನಲ್ಲಿ ಇಷ್ಟು ಬೇಗ ಬರುವುದಿಲ್ಲ.

ಆದರೂ ನಿಮ್ಮ ಮಾತೇ ಗೆಲ್ಲಬೇಕಾದ ಒಂದು ಸಂದರ್ಭವಿದೆ. ಮುಂಬಯಿಯ ಎಷ್ಟೋ ಕಾಲೇಜುಗಳಲ್ಲಿ ವಾಣಿಜ್ಯ ವಿಭಾಗದ ಮೊದಲ ಪಾಠ ಬೆಳಿಗ್ಗೆ ಏಳಕ್ಕೇ ಶುರುವಾಗುತ್ತದೆ. ಅವಳಿಗೆ ಸಿಗುವುದು ಅಂಥ ತಂಡವಾದರೆ ಅವಳು ಐದೂಕಾಲರ ಸುಮಾರಿಗೆ ಮನೆ ಬಿಡಬೇಕು, ನೀವು ನಾಲ್ಕಕ್ಕೆ ಏಳಬೇಕು. ಒಂದು ಮಳೆಗಾಲದೊಳಗೆ ಇಬ್ಬರೂ ಸೋತುಹೋಗುತ್ತೀರಿ. ಶೇ. 75ರ ಹಾಜರಾತಿಯ ನಿಯಮ ಹಳಿಯ ಮೇಲೆ ನೀರು ನಿಂತಿತೆಂದು ಸಡಿಲವಾಗುವುದಿಲ್ಲ. ಹಾಗಾಗಿ ಪ್ರವೇಶದ ದಿನವೇ ಕಚೇರಿಯಲ್ಲಿ ವೇಳಾಪಟ್ಟಿಯನ್ನು ಕೇಳಿ ನೋಡಿ. ಮೊದಲ ಪಾಠ ಒಂಬತ್ತರ ನಂತರ ಇದ್ದರೆ ಕಳಿಸಿಕೊಡಿ. ಏಳಕ್ಕಿದ್ದರೆ ಡೊಂಬಿವಲಿಯ ಕಾಲೇಜು ಸಾಕು ಎಂದು ನಾನೇ ಹೇಳಿದೆನೆಂದು ಅವಳಿಗೆ ತಿಳಿಸಿ.

ಪ್ರಶ್ನೆ: ಅಂಧೇರಿಯಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದೇನೆ. ಮಗನಿಗೆ ವಿಜ್ಞಾನ ವಿಷಯ. ನೆಂಟರೆಲ್ಲ ಮಂಗಳೂರಿಗೋ ಮಣಿಪಾಲಕ್ಕೋ ಹಾಕು, ಶಿಸ್ತು ಬರುತ್ತದೆ ಎನ್ನುತ್ತಾರೆ. ನನ್ನ ತಂದೆಯವರಿಗೆ ಮಾತ್ರ ಬಾಂಬೆ ಯುನಿವರ್ಸಿಟಿಯೆಂದರೆ ದೇವರ ಸಮಾನ. ಆ ಹೆಸರಿಗೆ ಈಗಲೂ ಅಷ್ಟು ಬೆಲೆ ಇದೆಯೇ?
ಒಬ್ಬ ತಂದೆ, ಅಂಧೇರಿ

ಉತ್ತರ: ನಿಮ್ಮ ತಂದೆಯವರ ಭಕ್ತಿಗೆ ಚರಿತ್ರೆಯ ಕಾರಣವಿದೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೆ ಧಾರವಾಡದ ಕರ್ನಾಟಕ ಕಾಲೇಜು ಕೂಡ ಬಾಂಬೆ ವಿಶ್ವವಿದ್ಯಾಲಯಕ್ಕೇ ಸೇರಿತ್ತು. ಮುಂಬಯಿ ಪ್ರಾಂತದಲ್ಲಿದ್ದ ಕನ್ನಡಿಗನಿಗೆ ಪದವಿಯೆಂದರೆ ಆ ಒಂದೇ ಹೆಸರು. ಆ ತಲೆಮಾರಿನವರ ಬಾಯಲ್ಲಿ ಅದು ಇಂದಿಗೂ ಹಾಗೆಯೇ ಉಳಿದಿದೆ.

ಈಗಿನ ಲೆಕ್ಕ ಬೇರೆ. ಅತಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಅತಿ ದೊಡ್ಡ ಆಡಳಿತದ ಭಾರವೂ ಇರುತ್ತದೆ. 2017ರಲ್ಲಿ ಉತ್ತರಪತ್ರಿಕೆಗಳನ್ನು ಕಂಪ್ಯೂಟರ್ ಪರದೆಯ ಮೇಲೆ ತಿದ್ದುವ ಪದ್ಧತಿಯನ್ನು ಅವಸರದಲ್ಲಿ ತಂದಾಗ ಫಲಿತಾಂಶಗಳು ತಿಂಗಳುಗಟ್ಟಲೆ ತಡವಾಗಿ, ಮುಂದಿನ ಓದಿಗೆ ಹೊರಟಿದ್ದ ಮಕ್ಕಳು ಪರದಾಡಿದ್ದನ್ನು ನೀವೂ ಓದಿರುತ್ತೀರಿ. ಇಂಥ ತಾಪತ್ರಯದಿಂದ ಒಂದಿಷ್ಟು ದೂರವಿರುವವು ಸ್ವಾಯತ್ತ ಕಾಲೇಜುಗಳು. ಪಾಠಕ್ರಮವನ್ನೂ ಪರೀಕ್ಷೆಯನ್ನೂ ಅವು ತಾವೇ ನೋಡಿಕೊಳ್ಳುತ್ತವೆ, ಪದವಿಯನ್ನು ಮಾತ್ರ ವಿಶ್ವವಿದ್ಯಾಲಯ ಕೊಡುತ್ತದೆ. ಸೇಂಟ್ ಝೇವಿಯರ್ಸ್, ಮಾಟುಂಗಾದ ರುಯಿಯಾ ಕಾಲೇಜುಗಳು ಈ ಬಗೆಯವು.

ವಿಜ್ಞಾನದ ಹುಡುಗನಿಗೆ ಮುಂಬಯಿಯ ನಿಜವಾದ ಬೆಲೆ ಇರುವುದು ಅದರ ಒಂದೊಂದು ಸಂಸ್ಥೆಯಲ್ಲಿ. ಮಾಟುಂಗಾದ ವಿಜೆಟಿಐ ಎಂಬ ಎಂಜಿನಿಯರಿಂಗ್ ಕಾಲೇಜು 1887ರದ್ದು. ಅದರ ಹತ್ತಿರದಲ್ಲೇ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಇದೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಒಂದು ವಿಭಾಗವಾಗಿ ಹುಟ್ಟಿದ ಅದನ್ನು ಹಳಬರು ಇಂದಿಗೂ ಯುಡಿಸಿಟಿ (ಯುನಿವರ್ಸಿಟಿ ಡಿಪಾರ್ಟ್‌ಮೆಂಟ್ ಆಫ್ ಕೆಮಿಕಲ್ ಟೆಕ್ನಾಲಜಿ) ಎಂದೇ ಕರೆಯುತ್ತಾರೆ. ಬಣ್ಣ, ಔಷಧ, ಎಣ್ಣೆ, ಬಟ್ಟೆಯ ಕಾರ್ಖಾನೆಗಳು ಸುತ್ತಲೂ ಇದ್ದ ಊರಿನಲ್ಲಿ ಅಂಥ ವಿಭಾಗ ಹುಟ್ಟಿದ್ದು ಆಕಸ್ಮಿಕವಲ್ಲ. ಪೊವಾಯಿಯ ಐಐಟಿ 1958ರದ್ದು. ಇವುಗಳಲ್ಲಿ ಒಂದು ಸೀಟು ಸಿಗುವ ಹಾಗಿದ್ದರೆ ಮಣಿಪಾಲದ ಯೋಚನೆಯನ್ನು ಬಿಟ್ಟುಬಿಡಿ. ಸಿಗುವ ಹಾಗಿಲ್ಲದಿದ್ದರೆ, ಮುಂಬಯಿ ಎಂಬ ಹೆಸರಿಗಾಗಿಯೇ, ಆಟದ ಬಯಲಿಲ್ಲದ, ನಾಲ್ಕು ಮಹಡಿಯ ಒಂದೇ ಕಟ್ಟಡದ ಕಾಲೇಜಿಗೆ ಹಾಕುವುದಕ್ಕಿಂತ ಊರ ಕಡೆಯ ಒಳ್ಳೆಯ ಕಾಲೇಜು ಎಷ್ಟೋ ವಾಸಿ. ದೊಡ್ಡ ಊರಿನ ಚಿಕ್ಕ ಕಾಲೇಜಿನಲ್ಲಿ ಎರಡೂ ಕಡೆಯ ನಷ್ಟವಾಗುತ್ತದೆ.

ಒಂದು ಎಚ್ಚರಿಕೆ. ಹತ್ತನೆಯದು, ಹನ್ನೆರಡನೆಯದು ಎಲ್ಲಿ ಓದಿದ್ದು, ವಾಸದ ದಾಖಲೆ ಯಾವ ರಾಜ್ಯದ್ದು ಎಂಬುದರ ಮೇಲೆ ವೃತ್ತಿಶಿಕ್ಷಣದ ಸೀಟುಗಳ ಅರ್ಹತೆ ನಿಲ್ಲುತ್ತದೆ. ಮಗನ ಕೆಳಗೆ ಇನ್ನೊಂದು ಮಗುವಿದ್ದು, ಅದನ್ನು ಹತ್ತನೆಯದಾದ ಮೇಲೆ ಊರಿಗೆ ಕಳಿಸುವ ಆಲೋಚನೆಯಿದ್ದರೆ ಆ ನಿಯಮಗಳನ್ನು ಮೊದಲೇ ಓದಿಕೊಳ್ಳಿ. ಶಿಸ್ತಿಗೆಂದು ಊರಿಗೆ ಕಳಿಸಿ, ಎರಡು ವರ್ಷವಾದ ಮೇಲೆ ಮಹಾರಾಷ್ಟ್ರದ ಸೀಟೂ ಇಲ್ಲ, ಕರ್ನಾಟಕದ ಸೀಟೂ ಇಲ್ಲ ಎಂದು ತಲೆಯ ಮೇಲೆ ಕೈ ಹೊತ್ತು ಕೂತವರು ನನ್ನ ಪರಿಚಯದಲ್ಲೇ ಇದ್ದಾರೆ. ಕೆಲವು ಕಾಲೇಜುಗಳಿಗೆ ಭಾಷಾ ಅಲ್ಪಸಂಖ್ಯಾತ ಸಂಸ್ಥೆಯೆಂಬ ಮಾನ್ಯತೆಯಿದ್ದು, ಆ ಭಾಷೆಯ ಮಕ್ಕಳಿಗೆಂದು ಸೀಟುಗಳನ್ನು ಇಟ್ಟಿರುತ್ತವೆ. ಶಾಲೆ ಬಿಟ್ಟ ಪ್ರಮಾಣಪತ್ರದಲ್ಲಿ ಮಾತೃಭಾಷೆಯ ಕಾಲಂ ಖಾಲಿಯಿದ್ದರೆ ಈಗಲೇ ಸರಿಪಡಿಸಿಕೊಳ್ಳಿ.

ಪ್ರಶ್ನೆ: ಕಲಿನಾದ ವಿಶ್ವವಿದ್ಯಾಲಯದ ಆವರಣದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ, ಕುರ್ಲಾದಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದೇನೆ. ಊರು ಘಟ್ಟದ ಕೆಳಗಿನ ಒಂದು ಹಳ್ಳಿ. ಅಪ್ಪ ಊರಿನಲ್ಲಿ ಎಲ್ಲರ ಮುಂದೆ ‘ಮಗಳು ಮುಂಬಯಿ ಯುನಿವರ್ಸಿಟಿಯಲ್ಲಿದ್ದಾಳೆ’ ಎಂದು ಹೇಳಿಕೊಳ್ಳುತ್ತಾರೆ. ನನಗೆ ಇಲ್ಲಿ ಇಷ್ಟವಾದದ್ದು ಬೇರೆಯೇ. ಇಲ್ಲಿ ಯಾರಿಗೂ ನಾನು ಯಾರ ಮಗಳೆಂದು ಗೊತ್ತಿಲ್ಲ. ಮನೆಯವರಿಗೆ ಹೀಗೆಂದು ಹೇಳಲು ಬಾಯಿ ಬರುವುದಿಲ್ಲ. ಇದು ಕೃತಘ್ನತೆಯೇ?
ಒಬ್ಬ ವಿದ್ಯಾರ್ಥಿನಿ, ಕುರ್ಲಾ

ಉತ್ತರ: ಖಂಡಿತ ಅಲ್ಲ. ಈ ಸಲದ ಪತ್ರಗಳಲ್ಲಿ ನನಗೆ ಬಹಳ ಹಿಡಿಸಿದ್ದು ನಿಮ್ಮದೇ. ನಾನು ಕುಂದಾಪುರದ ಕಡೆಯವನು. ಶಾಲೆಗೆ ಹೋಗುತ್ತಿದ್ದಾಗ ನಮ್ಮೂರ ಬಸ್ಸಿನ ಕಂಡಕ್ಟರು ಟಿಕೆಟು ಹರಿಯುವ ಮೊದಲೇ ‘ಇವತ್ತು ಪರೀಕ್ಷೆ ಅಲ್ದಾ ಮಾಣಿ’ ಎಂದು ಕೇಳುತ್ತಿದ್ದರು. ಪರೀಕ್ಷೆ ಬಿಟ್ಟು ಪೇಟೆಗೆ ಹೋದ ದಿನ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ಅದು ಪ್ರೀತಿಯೇ ಹೌದು. ಆದರೆ ಆ ಪ್ರೀತಿಯ ಕಣ್ಣಿನಲ್ಲಿ ನಾವು ಯಾವಾಗಲೂ ಇಂಥವರ ಮಗ, ಇಂಥ ಮನೆಯ ಮಗಳು ಮಾತ್ರ. ಊರು, ಮನೆ, ಜಾತಿ ಯಾವುದನ್ನೂ ಕೇಳದ ಒಂದು ತರಗತಿಯಲ್ಲಿ ಕೂತು, ಕೊಟ್ಟ ಉತ್ತರಕ್ಕೆ ತಕ್ಕಷ್ಟೇ ಅಂಕ ಪಡೆಯುವಾಗ ಸಿಗುವ ಬಿಡುಗಡೆಯನ್ನು ನೀವು ಇಷ್ಟಪಟ್ಟಿದ್ದೀರಿ. ಅಸ್ಸಾಮಿನ ಹುಡುಗಿ, ನಾಂದೇಡದ ಹುಡುಗ, ನೀವು, ಮೂವರೂ ಒಂದೇ ಪ್ರಯೋಗದ ಮೇಜಿನ ಸುತ್ತ ಸಮಾನ ಅಪರಿಚಿತರು.

ನಿಮ್ಮ ಅಪ್ಪನ ಇಷ್ಟಕ್ಕೂ ನಿಮ್ಮ ಇಷ್ಟಕ್ಕೂ ಮೂಲ ಒಂದೇ ಎಂಬುದು ನನಗೆ ತಮಾಷೆಯಾಗಿ ಕಾಣುತ್ತದೆ. ಮುಂಬಯಿಯ ಜನಜಂಗುಳಿ ನಿಮಗೆ ಮರೆ. ಅವರಿಗೆ ಅದೇ ಕಾವಲು. ರಾತ್ರಿ ಒಂಬತ್ತೂವರೆಗೂ ಮಹಿಳೆಯರ ಡಬ್ಬಿ ತುಂಬಿರುತ್ತದೆ, ರಸ್ತೆಯಲ್ಲಿ ಅಂಗಡಿಗಳು ತೆರೆದಿರುತ್ತವೆ ಎಂಬ ಧೈರ್ಯದ ಮೇಲೆ ಅವರು ನಿಮ್ಮನ್ನು ಇಲ್ಲಿಗೆ ಕಳಿಸಿದ್ದಾರೆ. ಆದ್ದರಿಂದ ನೀವು ಅವರಿಂದ ಏನನ್ನೋ ಕದ್ದುಕೊಂಡಿದ್ದೀರಿ ಎಂದು ಭಾವಿಸಬೇಕಾಗಿಲ್ಲ.

ಒಂದು ಮಾತು ಮಾತ್ರ ನೆನಪಿಡಿ. ಯಾರೂ ಗುರುತಿಸದ ಊರಿನಲ್ಲಿ ಜ್ವರ ಬಂದು ಎರಡು ದಿನ ಮಲಗಿದರೂ ಯಾರೂ ಬಾಗಿಲು ತಟ್ಟುವುದಿಲ್ಲ. ನಿಮ್ಮ ವಿಭಾಗದ ಒಬ್ಬ ಗೆಳತಿಯ ಬಳಿ ಮನೆಯ ಫೋನ್ ಸಂಖ್ಯೆಯೂ, ಅಪ್ಪನ ಬಳಿ ಆ ಗೆಳತಿಯ ಸಂಖ್ಯೆಯೂ ಇರಲಿ.

ಪ್ರಶ್ನೆ: ಊರಿನಿಂದ ಬಂದು ನಾಲ್ಕು ವರ್ಷವಾಯಿತು. ವಾಶಿಯ ಹೋಟೆಲಿನಲ್ಲಿ ಕ್ಯಾಶಿನಲ್ಲಿದ್ದೇನೆ. ಪಿಯುಸಿ ಆಗಿದೆ. ಇಷ್ಟು ದೊಡ್ಡ ವಿಶ್ವವಿದ್ಯಾಲಯದ ಊರಿನಲ್ಲಿದ್ದೂ ನನ್ನಂಥವನಿಗೆ ಅದರಿಂದ ಏನೂ ಪ್ರಯೋಜನವಿಲ್ಲವೇ?
ಒಬ್ಬ ಯುವಕ, ವಾಶಿ

ಉತ್ತರ: ಮುಂಬಯಿಯಲ್ಲಿ ಕನ್ನಡಿಗರು ಓದಿದ್ದೇ ಹೀಗೆ, ತಮ್ಮಾ. ಹಗಲು ಹೋಟೆಲಿನ ಕೆಲಸ, ರಾತ್ರಿ ಶಾಲೆಯ ಬೆಂಚು ಎಂಬ ದಾರಿಯಿಂದ ವಕೀಲರೂ ಬ್ಯಾಂಕಿನ ಅಧಿಕಾರಿಗಳೂ ಆದವರು ಹಿಂದಿನ ತಲೆಮಾರಿನಲ್ಲಿ ಲೆಕ್ಕವಿಲ್ಲದಷ್ಟು ಜನ. ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ 1946ರಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದಾಗ, ಹಗಲು ದುಡಿಯುವವರಿಗೆ ಅನುಕೂಲವಾಗಲೆಂದೇ ಬೆಳಗಿನ ತರಗತಿಗಳನ್ನಿಟ್ಟಿತು. ನಾನೂ ಬೆಳಗಿನ ಕಾಲೇಜಿನವನೇ. ಹೋಟೆಲಿನ ಅಟ್ಟದ ಮೇಲೆ ಮಲಗಿ, ನಾಲ್ಕೂವರೆಗೆ ಎದ್ದು, ಮೊದಲ ಬಾಯ್ಲರಿನ ಚಹಾ ಕುಡಿದು ಹೊರಟರೆ ಹತ್ತೂವರೆಗೆ ಮತ್ತೆ ಗಲ್ಲಾಪೆಟ್ಟಿಗೆಯ ಮುಂದಿರುತ್ತಿದ್ದೆ. ಇತಿಹಾಸದ ಪುಸ್ತಕದ ಪುಟಗಳಲ್ಲಿ ಇಡ್ಲಿಹಿಟ್ಟಿನ ಕಲೆ ಇರುತ್ತಿತ್ತು.

ನಿಮ್ಮ ಕೆಲಸದ ಹೊತ್ತು ಅದಕ್ಕೆ ಹೊಂದದಿದ್ದರೆ ಮುಂಬಯಿ ವಿಶ್ವವಿದ್ಯಾಲಯದ ದೂರಶಿಕ್ಷಣ ವಿಭಾಗವಿದೆ. 1971ರಿಂದ ನಡೆದುಬಂದಿರುವ ಅದರ ಕಚೇರಿ ಕಲಿನಾದಲ್ಲಿದೆ. ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ 1989ರದ್ದು. ಮರಾಠಿ ಓದಲು ಬರುವವರಿಗೆ ಅದು ಹಗುರ. ಯಾವುದಕ್ಕೇ ಸೇರಿದರೂ ಕರ್ನಾಟಕದ ಪಿಯುಸಿ ಅಂಕಪಟ್ಟಿಯ ಜೊತೆಗೆ ವಲಸೆ ಪ್ರಮಾಣಪತ್ರ ಬೇಕಾಗುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಮೊದಲು ಅದನ್ನು ತನ್ನಿ, ಕಂಬಳ ಆಮೇಲೆ. ಶುಲ್ಕದ ತೊಂದರೆಯಿದ್ದರೆ ನಿಮ್ಮ ಸಮುದಾಯದ ಸಂಘದಲ್ಲಿ ವಿಚಾರಿಸಿ. ಹಲವು ಸಂಘಗಳು ವರ್ಷವರ್ಷವೂ ವಿದ್ಯಾರ್ಥಿವೇತನ ಕೊಡುತ್ತವೆ, ಅರ್ಜಿಗಳೇ ಕಡಿಮೆ ಬಂದವೆಂದು ಗೊಣಗುವುದನ್ನೂ ಕೇಳಿದ್ದೇನೆ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಯಾವಾಗಲೂ ಮುಂಬಯಿಯದೇ ಮಾತು. ನಾವು ಪುಣೆಯವರು. ನಮ್ಮ ಮಕ್ಕಳು ಇಲ್ಲಿ ಓದುವುದು ಲೆಕ್ಕಕ್ಕಿಲ್ಲವೇ? ಎರಡನೆಯದಾಗಿ, ಇಂಥ ಊರುಗಳಲ್ಲಿ ಓದಿದ ಮಕ್ಕಳಿಗೆ ಕನ್ನಡ ಉಳಿಯುತ್ತದೆಯೇ?
ದಂಪತಿ, ಕೋಥ್ರೂಡ್

ಉತ್ತರ: ಮೊದಲನೆಯ ದೂರನ್ನು ಒಪ್ಪಿಕೊಂಡೆ. ಓದುವುದಕ್ಕೆಂದೇ ಬೆಳೆದ ಊರು ಪುಣೆ. ಅಭಿಯಾಂತ್ರಿಕ ಕಾಲೇಜು 1854ರದ್ದು, ಫರ್ಗ್ಯುಸನ್ 1885ರದ್ದು, ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಸ್ಥೆ 1917ರದ್ದು. 2014ರಿಂದ ಸಾವಿತ್ರಿಬಾಯಿ ಫುಲೆ ಅವರ ಹೆಸರು ಹೊತ್ತಿರುವ ನಿಮ್ಮ ವಿಶ್ವವಿದ್ಯಾಲಯ 1949ರದ್ದು, ಅದೂ ಗವರ್ನರ್ ವಾಸವಾಗಿದ್ದ ಗಣೇಶಖಿಂಡದ ಮರಗಳ ನಡುವೆ. ಮುಂಬಯಿಯ ಮಕ್ಕಳು ಅಷ್ಟು ಮರಗಳನ್ನು ಕಾಣಬೇಕಾದರೆ ಬೋರಿವಲಿಯ ಕಾಡಿಗೆ ಹೋಗಬೇಕು. ಸದಾಶಿವ ಪೇಟೆಯ ಓಣಿಗಳಲ್ಲಿ ತಿಂಗಳ ಲೆಕ್ಕಕ್ಕೆ ಒಂದು ಕುರ್ಚಿ, ಒಂದು ದೀಪ ಬಾಡಿಗೆಗೆ ಸಿಗುವ ಅಭ್ಯಾಸಿಕೆಗಳಲ್ಲಿ ಸ್ಪರ್ಧಾ ಪರೀಕ್ಷೆಗೆ ಕೂತ ಹುಡುಗ ಹುಡುಗಿಯರನ್ನು ನೋಡಿದರೆ ಓದಿಗೆ ಒಂದು ಊರಿನ ಒತ್ತಾಸೆ ಎಂದರೇನೆಂದು ತಿಳಿಯುತ್ತದೆ. ಮುಂಬಯಿಯಲ್ಲಿ ಓದು ದುಡಿಮೆಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂರಬೇಕು. ಪುಣೆಯಲ್ಲಿ ಅದಕ್ಕೆ ತನ್ನದೇ ಓಣಿಗಳಿವೆ. ಹೆತ್ತವರಿಗೆ ಪುಣೆ ಹೆಚ್ಚು ಒಪ್ಪುವುದು ಈ ಕಾರಣಕ್ಕೇ ಇರಬೇಕು. ನಿಮ್ಮ ಮಕ್ಕಳ ಬೈಕಿನ ವೇಗದ ಬಗ್ಗೆ ಮಾತ್ರ ನಾನು ಏನೂ ಹೇಳಲಾರೆ.

ಕನ್ನಡದ ಬಗ್ಗೆ ಕೇಳಿದ್ದೀರಿ. ಮನೆಯಲ್ಲಿ ಮಾತಾಡಿದರೆ ಮಾತು ಉಳಿಯುತ್ತದೆ, ಓದು ಬರಹ ತಾನಾಗಿ ಉಳಿಯುವುದಿಲ್ಲ. ದೊಡ್ಡ ವಿಶ್ವವಿದ್ಯಾಲಯಗಳು ಇಲ್ಲಿ ಒಂದು ಬಾಗಿಲು ತೆರೆದಿಟ್ಟಿವೆ. ಮುಂಬಯಿ ವಿಶ್ವವಿದ್ಯಾಲಯಕ್ಕೆ ತನ್ನದೇ ಕನ್ನಡ ವಿಭಾಗವಿದೆ. ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡುತ್ತ, ನಡುವಯಸ್ಸು ದಾಟಿದ ಮೇಲೆ ಅಲ್ಲಿ ಕನ್ನಡ ಎಂ.ಎ. ಮಾಡಿ, ಮುಂದುವರಿದು ಪಿಎಚ್.ಡಿ. ಪಡೆದವರು ನಮ್ಮ ಓದುಗರಲ್ಲೇ ಇದ್ದಾರೆ. ಮಕ್ಕಳಿಗಾಗಿ ಕೇಳಿದ ಪ್ರಶ್ನೆ ನಿಮಗೇ ಉಪಯೋಗಕ್ಕೆ ಬಂದರೂ ಬರಬಹುದು. ವಿಭಾಗ ಇರುವುದು ಕಲಿನಾದ ರಾನಡೆ ಭವನದಲ್ಲಿ. ಪುಣೆಯಿಂದ ಬರುವವರು ದಾದರಿನಲ್ಲಿ ಇಳಿದು ಲೋಕಲ್ ಹಿಡಿದು ಕುರ್ಲಾಕ್ಕೆ ಬಂದು, ಪಶ್ಚಿಮದ ಕಡೆಯಿಂದ ರಿಕ್ಷಾ ಹಿಡಿದರೆ ಸಾಕು.